ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ 513 ಕಿಲೋಮೀಟರ್: ಟಿಕೆಟ್‌ನಲ್ಲಿರುವ ಅವಧಿಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಶರಾವತಿ_ತೀರ:
ಎಲ್ಲರಿಗೂ ನಮಸ್ಕಾರ. ನಾನು ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದೇನೆ. ಅಕ್ಟೋಬರ್ ಕೊನೆಯಲ್ಲಿ ಅಪ್ಪ ಅಮ್ಮ ಸಾಗರದಿಂದ ಇಲ್ಲಿಗೆ ಬರುತ್ತಿದ್ದಾರೆ. ಅವರನ್ನು ಲಿಸ್ಬನ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ನಾನು ನೋಡಿದ ವಿಮಾನ ಮ್ಯಾಡ್ರಿಡ್‌ನಿಂದ 10:00ಕ್ಕೆ ಹೊರಟು ಲಿಸ್ಬನ್‌ಗೆ 10:20ಕ್ಕೆ ತಲುಪುತ್ತದೆ. ಹಿಂತಿರುಗುವ ವಿಮಾನ 18:00ಕ್ಕೆ ಹೊರಟು 20:20ಕ್ಕೆ ತಲುಪುತ್ತದೆ. ಪೋರ್ಚುಗಲ್‌ನ ಗಡಿಯಾರ ಸ್ಪೇನ್‌ಗಿಂತ ಒಂದು ಗಂಟೆ ಹಿಂದಿದೆ ಎಂಬುದು ಗೊತ್ತಿರುವುದರಿಂದ ಎರಡೂ ಕಡೆಯ ಪ್ರಯಾಣ 1 ಗಂಟೆ 20 ನಿಮಿಷ ಎಂದು ಲೆಕ್ಕ ಹಾಕಿದೆ.

ಗೊಂದಲ ಶುರುವಾಗುವುದು ಇಲ್ಲಿಂದ. ಅಂತರ ಎಷ್ಟು ಎಂದು ಹುಡುಕಿದರೆ ಒಂದು ಕಡೆ 503 ಕಿ.ಮೀ., ಇನ್ನೊಂದು ಕಡೆ 513 ಕಿ.ಮೀ., ಮತ್ತೊಂದು ಕಡೆ ಸುಮಾರು 625 ಕಿ.ಮೀ. ಎಂದು ಬರುತ್ತದೆ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದು ಇಟ್ಟುಕೊಂಡರೂ 40 ನಿಮಿಷಕ್ಕೆ ತಲುಪಬೇಕಲ್ಲವೇ? ಉಳಿದ 40 ನಿಮಿಷ ಎಲ್ಲಿ ಹೋಗುತ್ತದೆ? ಅಪ್ಪನಿಗೆ ಮಂಡಿ ನೋವಿದೆ. ವಿಮಾನಕ್ಕಿಂತ ರೈಲಿನಲ್ಲಿ ಹೋಗುವುದು ಅವರಿಗೆ ಹಿತವಾಗಬಹುದೇ ಎಂಬ ಯೋಚನೆಯೂ ಇದೆ. ತಿಳಿದವರು ದಯವಿಟ್ಟು ವಿವರಿಸಿ.

ಕೊಡಚಾದ್ರಿ:
ನಿಮ್ಮ 1 ಗಂಟೆ 20 ನಿಮಿಷದ ಲೆಕ್ಕ ಸರಿಯಾಗಿದೆ. ರೈಲಿನ ಯೋಚನೆಯನ್ನು ಮಾತ್ರ ಈಗಲೇ ಬಿಟ್ಟುಬಿಡಿ.

ಭೂಪಟ_ಪ್ರಿಯ:
ನೀವು ಕಂಡ ಮೂರು ಅಂಕಿಗಳೂ ಸರಿಯೇ. ಮೂರೂ ಬೇರೆ ಬೇರೆ ಬಿಂದುಗಳ ನಡುವಿನ, ಬೇರೆ ಬೇರೆ ದಾರಿಯ ಅಳತೆಗಳು. 503 ಎಂಬುದು ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದಿಂದ ಲಿಸ್ಬನ್‌ನ ನಡುಪಟ್ಟಣಕ್ಕೆ ಭೂಮಿಯ ಮೇಲ್ಮೈಯನ್ನು ಅನುಸರಿಸಿ ಎಳೆದ ಅತಿ ಚಿಕ್ಕ ರೇಖೆ. 513 ಎಂಬುದು ಬರಾಖಾಸ್ ವಿಮಾನ ನಿಲ್ದಾಣದಿಂದ ಲಿಸ್ಬನ್ ವಿಮಾನ ನಿಲ್ದಾಣಕ್ಕೆ ಎಳೆದ ಅದೇ ಬಗೆಯ ರೇಖೆ. ಬರಾಖಾಸ್ ಇರುವುದು ಮ್ಯಾಡ್ರಿಡ್‌ನ ಈಶಾನ್ಯಕ್ಕೆ, ಲಿಸ್ಬನ್ ಇರುವುದು ನೈಋತ್ಯಕ್ಕೆ. ಲಿಸ್ಬನ್‌ಗೆ ಹೋಗುವವರು ಮೊದಲು ಲಿಸ್ಬನ್‌ಗೆ ಬೆನ್ನು ಹಾಕಿ ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ ಎಂದೇ ಹೇಳಬಹುದು. ಹತ್ತು ಕಿಲೋಮೀಟರ್ ಹೆಚ್ಚಾಗಿರುವುದು ಅದರಿಂದ. 625 ಎಂಬುದು ಬಾದಾಖೋಸ್ ಮತ್ತು ಎಲ್ವಾಸ್ ಮೂಲಕ ಹಾದುಹೋಗುವ ಹೆದ್ದಾರಿಯ ಉದ್ದ.

ಸಮತಟ್ಟಾದ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ದೂರದ ಊರುಗಳ ವಿಷಯದಲ್ಲಿ ದೊಡ್ಡ ತಪ್ಪಾಗುತ್ತದೆ. ಇಷ್ಟು ಸಮೀಪದ ಊರುಗಳಿಗೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಎಂಬ ಶಾಲೆಯ ಗಣಿತದಿಂದಲೇ, ರೇಖಾಂಶದ ಡಿಗ್ರಿಯನ್ನು ಸುಮಾರು 86 ಕಿ.ಮೀ.ಗೆ ಇಳಿಸಿಕೊಂಡು, ನಾನು 513ಕ್ಕೆ ತಲುಪಿದ್ದೇನೆ. ನೀವೂ ಒಮ್ಮೆ ಮಾಡಿ ನೋಡಿ, ಖುಷಿಯಾಗುತ್ತದೆ.

ಎತ್ತರ_ಇಳಿಜಾರು:
ವಿಮಾನ ಯಾನದ ಯೋಜನೆ ರೂಪಿಸುವ ಕೆಲಸದಲ್ಲಿ ಕೆಲವು ವರ್ಷ ಇದ್ದವನು ನಾನು. ಹೀಗಾಗಿ 40 ನಿಮಿಷದ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಗಂಟೆಗೆ 800 ಕಿ.ಮೀ. ಎಂಬ ವೇಗ ಮೇಲೆ, ಸುಮಾರು 36,000 ಅಡಿ ಎತ್ತರದಲ್ಲಿ, ಸಮವಾಗಿ ಹಾರುವಾಗಿನದು. ಮ್ಯಾಡ್ರಿಡ್–ಲಿಸ್ಬನ್ ದಾರಿಯಲ್ಲಿ ಆ ವೇಗದಲ್ಲಿ ಹಾರಲು ಸಿಗುವ ಜಾಗವೇ ಬಹಳ ಕಡಿಮೆ. ಇಳಿಯುವಾಗ ಪ್ರತಿ 1,000 ಅಡಿಗೆ ಮೂರು ನಾಟಿಕಲ್ ಮೈಲಿ ಬೇಕು ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 36,000 ಅಡಿಯಿಂದ ಇಳಿಯಲು 108 ನಾಟಿಕಲ್ ಮೈಲಿ, ಅಂದರೆ 200 ಕಿ.ಮೀ. ಬೇಕಾಗುತ್ತದೆ. ಏರಲು ಕೂಡ ಹೆಚ್ಚುಕಡಿಮೆ ಅಷ್ಟೇ ದೂರ ಹಿಡಿಯುತ್ತದೆ. 513ರಲ್ಲಿ 400 ಕಳೆದರೆ ಸಮವಾಗಿ ಹಾರಲು ಉಳಿಯುವುದು ನೂರು ಚಿಲ್ಲರೆ ಕಿಲೋಮೀಟರ್ ಮಾತ್ರ. ಅದು ಏಳೆಂಟು ನಿಮಿಷದ ದಾರಿ. ಅದರ ಮೇಲೆ, 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಎಂಬ ಮಿತಿ ಇರುತ್ತದೆ. ಹೀಗಾಗಿ ನೆಲ ಬಿಟ್ಟು ನೆಲ ಮುಟ್ಟುವ ಹೊತ್ತಿಗೆ 50ರಿಂದ 55 ನಿಮಿಷ ಆಗಿರುತ್ತದೆ.

ಟಿಕೆಟ್‌ನಲ್ಲಿ ಅಚ್ಚಾಗುವುದು ಅದೂ ಅಲ್ಲ. ವಿಮಾನ ಗೇಟ್ ಬಿಟ್ಟು ಹಿಂದಕ್ಕೆ ಸರಿದ ಕ್ಷಣದಿಂದ ಇನ್ನೊಂದು ಊರಿನ ಗೇಟ್‌ನಲ್ಲಿ ನಿಲ್ಲುವ ಕ್ಷಣದವರೆಗಿನ ಅವಧಿಯೇ ಟಿಕೆಟ್‌ನಲ್ಲಿರುತ್ತದೆ. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ನಾಲ್ಕು ರನ್‌ವೇಗಳಿರುವ ಬರಾಖಾಸ್‌ನಂಥ ದೊಡ್ಡ ನಿಲ್ದಾಣದಲ್ಲಿ ಗೇಟ್‌ನಿಂದ ರನ್‌ವೇಯ ತುದಿಗೆ ಉರುಳಿಕೊಂಡು ಹೋಗಲು ಹದಿನೈದು ನಿಮಿಷ ಹಿಡಿದರೆ ಆಶ್ಚರ್ಯಪಡಬೇಕಿಲ್ಲ. ಅಂತರವನ್ನು ವೇಗದಿಂದ ಭಾಗಿಸಿ 'ಹಾರಾಟದ ಅವಧಿ' ಎಂದು ತೋರಿಸುವ ಜಾಲತಾಣಗಳು ಇದ್ಯಾವುದನ್ನೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಪ್ರಯಾಣದ ಯೋಜನೆ ಹಾಕುವವರು ಅಂಥ ಅಂಕಿಯನ್ನು ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮಲೆನಾಡಿಗ_ಬರ್ಲಿನ್:
ವಿವರಣೆ ಚೆನ್ನಾಗಿದೆ, ಆದರೆ ಒಂದು ವಿಷಯ ಬಿಟ್ಟುಹೋಗಿದೆ. ವಿಮಾನ ಸಂಸ್ಥೆಗಳು ವೇಳಾಪಟ್ಟಿಯಲ್ಲಿ ಬೇಕೆಂದೇ ಹತ್ತು ಹದಿನೈದು ನಿಮಿಷ ಸೇರಿಸುತ್ತವೆ. ತಡವಾಗಿ ಹೊರಟರೂ 'ಸಮಯಕ್ಕೆ ಸರಿಯಾಗಿ ತಲುಪಿದ್ದೇವೆ' ಎಂದು ಹೇಳಿಕೊಳ್ಳುವುದಕ್ಕೆ ಅದು ಬೇಕು. ಇದು ಪ್ರಯಾಣಿಕರಿಗೆ ಮಾಡುವ ಮೋಸ ಎಂದೇ ನಾನು ಭಾವಿಸುತ್ತೇನೆ.

ಎತ್ತರ_ಇಳಿಜಾರು:
ಮೋಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ದಿನ ಗಾಳಿ ಅನುಕೂಲವಾಗಿದ್ದು ರನ್‌ವೇ ಖಾಲಿ ಇರುತ್ತದೆ. ಇನ್ನೊಂದು ದಿನ ಎದುರುಗಾಳಿ ಇದ್ದು, ಮುಂದೆ ಹತ್ತು ವಿಮಾನಗಳು ಸಾಲಿನಲ್ಲಿರುತ್ತವೆ. ತಿಂಗಳುಗಳ ಮುಂಚೆ ಅಚ್ಚಾಗುವ ವೇಳಾಪಟ್ಟಿ ಈ ಎರಡೂ ದಿನಗಳಿಗೆ ಒಗ್ಗಬೇಕು. ಅತ್ಯುತ್ತಮ ದಿನದ ಅವಧಿಯನ್ನೇ ಹಾಕಿದರೆ ಉಳಿದೆಲ್ಲ ದಿನ ವಿಮಾನ ತಡವಾಗುತ್ತದೆ, ಮುಂದಿನ ವಿಮಾನ ಹಿಡಿಯಬೇಕಾದವರು ಪರದಾಡುತ್ತಾರೆ. ಬಿಡುವಿನ ನಿಮಿಷಗಳನ್ನು ಸೇರಿಸುವುದು ಪ್ರಯಾಣಿಕರ ಒಳಿತಿಗೂ ಹೌದು.

ಮಲೆನಾಡಿಗ_ಬರ್ಲಿನ್:
ಒಳಿತಿಗೆ ಹೌದು, ಆದರೆ ಪರಿಹಾರ ತಪ್ಪಿಸಿಕೊಳ್ಳುವುದಕ್ಕೂ ಹೌದು. ವೇಳಾಪಟ್ಟಿ ಉದ್ದವಾದಷ್ಟೂ 'ತಡ' ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬೇಡಿ.

ನ್ಯಾಯದ_ತಕ್ಕಡಿ:
ಪರಿಹಾರದ ಮಾತು ಬಂದದ್ದರಿಂದ ಹೇಳುತ್ತೇನೆ. ಅಂತರಕ್ಕೂ ಅವಧಿಗೂ ಯುರೋಪಿನಲ್ಲಿ ಕಾನೂನಿನ ಬೆಲೆ ಇದೆ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದ ಪ್ರಕಾರ ಪರಿಹಾರದ ಮೊತ್ತ ಅಂತರವನ್ನು ಅವಲಂಬಿಸಿದೆ. ಆ ಅಂತರವನ್ನು ಭೂಪಟ_ಪ್ರಿಯ ಅವರು ಹೇಳಿದ ಅತಿ ಚಿಕ್ಕ ರೇಖೆಯ ವಿಧಾನದಿಂದಲೇ ಅಳೆಯಬೇಕೆಂದು ನಿಯಮದಲ್ಲಿ ಬರೆದಿದೆ. 1,500 ಕಿ.ಮೀ.ವರೆಗಿನ ಪ್ರಯಾಣಕ್ಕೆ 250 ಯೂರೋ. ಮ್ಯಾಡ್ರಿಡ್–ಲಿಸ್ಬನ್ ಈ ಗುಂಪಿಗೆ ಸೇರುತ್ತದೆ. ತಲುಪುವುದು ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿರಬೇಕು, ಮತ್ತು ಆ ತಡಕ್ಕೆ ವಿಮಾನ ಸಂಸ್ಥೆಯ ಕೈ ಮೀರಿದ ಅಸಾಧಾರಣ ಕಾರಣ ಇರಬಾರದು.

ತಲುಪಿದ ಸಮಯ ಎಂದರೆ ಯಾವುದು ಎಂಬ ಪ್ರಶ್ನೆಯೂ ನ್ಯಾಯಾಲಯದವರೆಗೆ ಹೋಗಿತ್ತು. ಸಾಲ್ಸ್‌ಬರ್ಗ್‌ನಿಂದ ಕೊಲೋನ್–ಬಾನ್‌ಗೆ ಬಂದ ಒಂದು ವಿಮಾನ, ಚಕ್ರ ನೆಲ ಮುಟ್ಟಿದ ಸಮಯದ ಪ್ರಕಾರ 2 ಗಂಟೆ 58 ನಿಮಿಷ ತಡವಾಗಿತ್ತು. ನಿಲುಗಡೆ ಜಾಗಕ್ಕೆ ಬಂದು ನಿಂತ ಸಮಯದ ಪ್ರಕಾರ 3 ಗಂಟೆ 3 ನಿಮಿಷ ತಡವಾಗಿತ್ತು. ವಿಮಾನದ ಕನಿಷ್ಠ ಒಂದು ಬಾಗಿಲು ತೆರೆದು, ಪ್ರಯಾಣಿಕರು ಇಳಿಯಬಹುದಾದ ಕ್ಷಣವೇ ತಲುಪಿದ ಸಮಯ ಎಂದು ಒಕ್ಕೂಟದ ನ್ಯಾಯಾಲಯ 2014ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ನೆಲ ಮುಟ್ಟಿದ ಮಾತ್ರಕ್ಕೆ ಪ್ರಯಾಣಿಕ ಸ್ವತಂತ್ರನಲ್ಲ, ಆತ ಇನ್ನೂ ಕುರ್ಚಿಯಲ್ಲಿ ಬೆಲ್ಟ್ ಕಟ್ಟಿಕೊಂಡೇ ಕೂತಿರುತ್ತಾನೆ. ಇದನ್ನು ಗುರುತಿಸಿದ ತೀರ್ಪು ಅತ್ಯಂತ ನ್ಯಾಯವಾದದ್ದು ಎಂದು ನನಗನ್ನಿಸುತ್ತದೆ.

ತೇಜೋ_ನದಿ:
ಲಿಸ್ಬನ್‌ನಲ್ಲಿ ವಾಸವಾಗಿರುವವಳಾಗಿ ಒಂದು ಮಾತು ಸೇರಿಸುತ್ತೇನೆ. ಇಲ್ಲಿಯ ವಿಮಾನ ನಿಲ್ದಾಣ ಊರಿನ ಒಳಗೇ ಇದೆ ಮತ್ತು ಬಳಕೆಯಲ್ಲಿರುವುದು ಒಂದೇ ರನ್‌ವೇ. ಇಳಿಯುವವರಿಗೂ ಏರುವವರಿಗೂ ಅದೇ ದಾರಿ. ಮ್ಯಾಡ್ರಿಡ್‌ನಲ್ಲಿ ಸಮಯಕ್ಕೆ ಸರಿಯಾಗಿ ಹೊರಟ ವಿಮಾನವೂ ಇಲ್ಲಿ ಬಂದು ತನ್ನ ಸರದಿಗಾಗಿ ಆಕಾಶದಲ್ಲಿ ಸುತ್ತು ಹೊಡೆಯುವುದುಂಟು. ಇನ್ನೊಂದು ಕಾರಣ ಗಾಳಿ. ಇಲ್ಲಿ ಹೆಚ್ಚಾಗಿ ಬೀಸುವುದು ಉತ್ತರದ ಗಾಳಿ. ವಿಮಾನ ಗಾಳಿಗೆ ಎದುರಾಗಿಯೇ ಇಳಿಯಬೇಕಾದ್ದರಿಂದ ಪೂರ್ವದಿಂದ ಬಂದ ಮ್ಯಾಡ್ರಿಡ್ ವಿಮಾನ ನೇರವಾಗಿ ಇಳಿಯದೆ, ಊರಿನ ದಕ್ಷಿಣಕ್ಕೆ ಹೋಗಿ, ಅಲ್ಮಾಡಾದ ಮೇಲೆ ಉತ್ತರಕ್ಕೆ ತಿರುಗಿ, ತೇಜೋ ನದಿಯನ್ನು ದಾಟಿ ಬರುತ್ತದೆ.

ಆ ದಾರಿಯಲ್ಲಿ ಬಂದರೆ ಬಲಗಡೆಯ ಕಿಟಕಿಯ ಸೀಟು ತೆಗೆದುಕೊಳ್ಳಿ. ಏಪ್ರಿಲ್ 25ರ ಹೆಸರಿನ ಕೆಂಪು ಸೇತುವೆಯ ಹತ್ತಿರವೇ ನದಿ ದಾಟಿ, ಹಂಚಿನ ಮನೆಗಳ ಸಾಲಿನ ಮೇಲೆ ಎಷ್ಟು ಕೆಳಗೆ ಹಾರುತ್ತದೆಂದರೆ, ತಾರಸಿಗಳಲ್ಲಿ ಒಣಗಲು ಹಾಕಿದ ಬಟ್ಟೆಗಳ ಬಣ್ಣ ಕೂಡ ಕಾಣುತ್ತದೆ. ಕೆಳಗೆ ವಾಸಿಸುವವರಿಗೆ ಅದರ ಸದ್ದು ದೊಡ್ಡ ತೊಂದರೆ. ನದಿಯ ಆಚೆ ಅಲ್ಕೊಶೆತೆಯಲ್ಲಿ ಹೊಸ ನಿಲ್ದಾಣ ಕಟ್ಟುವುದಾಗಿ ಸರ್ಕಾರ 2024ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಅದು ಬಂದ ಮೇಲೆ ಹಾರಾಟದ ಅವಧಿ ಕಡಿಮೆಯಾದರೂ ಊರಿಗೆ ತಲುಪುವ ಅವಧಿ ಹೆಚ್ಚಾಗುತ್ತದೆ. ಈಗ ಮೆಟ್ರೋ ಹತ್ತಿದರೆ ಅರ್ಧ ಗಂಟೆಯೊಳಗೆ ನಡುಪಟ್ಟಣ ಸೇರಬಹುದು.

ಭೂಪಟ_ಪ್ರಿಯ:
ಇದಕ್ಕೇ 513 ಎಂಬುದು ವಿಮಾನ ನಿಜವಾಗಿ ಹಾರಿದ ದೂರವಲ್ಲ. ಬರಾಖಾಸ್‌ನಲ್ಲಿಯೂ ಸಾಮಾನ್ಯ ದಿನಗಳಲ್ಲಿ ಉತ್ತರ ದಿಕ್ಕಿಗೆ ಏರಿ, ಆಮೇಲೆ ನೈಋತ್ಯಕ್ಕೆ ತಿರುಗಬೇಕು. ಎರಡೂ ತುದಿಯ ತಿರುವುಗಳನ್ನು ಕೂಡಿಸಿದರೆ ವಿಮಾನ ಕ್ರಮಿಸುವ ದೂರ ನಕ್ಷೆಯ ರೇಖೆಗಿಂತ ಯಾವಾಗಲೂ ಹೆಚ್ಚು.

ಕಾವೇರಿ_ಕನ್ನಡತಿ:
ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ ಎಂದು ಕೇಳಿದ್ದೇನೆ. ಹಾಗಿದ್ದರೆ ಎರಡೂ ಕಡೆಗೆ 1 ಗಂಟೆ 20 ನಿಮಿಷ ಎಂದು ಒಂದೇ ಅವಧಿ ಹೇಗೆ ಬರುತ್ತದೆ?

ಎತ್ತರ_ಇಳಿಜಾರು:
ಒಳ್ಳೆಯ ಪ್ರಶ್ನೆ. ಈ ಅಕ್ಷಾಂಶಗಳಲ್ಲಿ ಎತ್ತರದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಆದ್ದರಿಂದ ಲಿಸ್ಬನ್‌ಗೆ ಹೋಗುವುದು ಸಾಮಾನ್ಯವಾಗಿ ಸ್ವಲ್ಪ ನಿಧಾನ. ಗಂಟೆಗೆ 100 ಕಿ.ಮೀ. ಗಾಳಿ ಇಡೀ ದಾರಿಗೆ ಇದೆ ಎಂದು ಇಟ್ಟುಕೊಳ್ಳಿ. 800 ಕಿ.ಮೀ. ವೇಗದ ವಿಮಾನ ನೆಲದ ಲೆಕ್ಕದಲ್ಲಿ ಹೋಗುವಾಗ 700, ಬರುವಾಗ 900 ಕಿ.ಮೀ. ವೇಗದಲ್ಲಿ ಸಾಗುತ್ತದೆ. 500 ಕಿ.ಮೀ. ದಾರಿಯಲ್ಲಿ ಇದರಿಂದ ಆಗುವ ವ್ಯತ್ಯಾಸ ಹತ್ತು ನಿಮಿಷದೊಳಗೆ. ಲಂಡನ್–ನ್ಯೂಯಾರ್ಕ್ ದಾರಿಯಲ್ಲಿ ಇದೇ ಗಾಳಿಯಿಂದ ಒಂದು ಗಂಟೆಯಷ್ಟು ವ್ಯತ್ಯಾಸ ಬರುತ್ತದೆ. ಚಿಕ್ಕ ದಾರಿಯಲ್ಲಿ ರನ್‌ವೇಯ ಸರದಿ ಗಾಳಿಗಿಂತ ದೊಡ್ಡ ವಿಷಯ.

ಸೂರ್ಯಸಿದ್ಧಾಂತಿ:
ಇಲ್ಲಿ ಯಾರೂ ಮುಟ್ಟದ ಪ್ರಶ್ನೆಯೊಂದಿದೆ: ಆ ಒಂದು ಗಂಟೆಯ ವ್ಯತ್ಯಾಸ ಇರುವುದಾದರೂ ಏಕೆ? ಮ್ಯಾಡ್ರಿಡ್‌ಗೂ ಲಿಸ್ಬನ್‌ಗೂ ಇರುವ ರೇಖಾಂಶದ ಅಂತರ ಸುಮಾರು ಐದೂವರೆ ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯನ ಲೆಕ್ಕದಲ್ಲಿ 22 ನಿಮಿಷದ ವ್ಯತ್ಯಾಸ ಮಾತ್ರ. ಗ್ರೀನಿಚ್ ರೇಖೆ ಸ್ಪೇನ್‌ನ ಪೂರ್ವ ಭಾಗದಲ್ಲೇ ಹಾದುಹೋಗುತ್ತದೆ. ಮ್ಯಾಡ್ರಿಡ್ ಅದರ ಪಶ್ಚಿಮಕ್ಕಿದೆ. ಭೂಗೋಳದ ಪ್ರಕಾರ ಸ್ಪೇನ್ ಲಂಡನ್‌ನ ಸಮಯವನ್ನೇ ಪಾಲಿಸಬೇಕಿತ್ತು. 1940ರ ಮಾರ್ಚ್‌ನಲ್ಲಿ, ಫ್ರಾಂಕೋ ಆಡಳಿತದಲ್ಲಿ, ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟು ಮಧ್ಯ ಯುರೋಪಿನ ಸಮಯಕ್ಕೆ ಹೊಂದಿಸಿದರು. ಯುದ್ಧ ಮುಗಿದ ಮೇಲೂ ಅದು ಹಾಗೆಯೇ ಉಳಿಯಿತು. ಈಗ ಬೇಸಿಗೆಯಲ್ಲಿ ಮ್ಯಾಡ್ರಿಡ್‌ನ ನೆತ್ತಿಯ ಮೇಲೆ ಸೂರ್ಯ ಬರುವಾಗ ಗಡಿಯಾರ ಮಧ್ಯಾಹ್ನ ಎರಡೂಕಾಲು ತೋರಿಸುತ್ತದೆ.

ಪೋರ್ಚುಗಲ್ ಕೂಡ 1992ರಲ್ಲಿ ಮಧ್ಯ ಯುರೋಪಿನ ಸಮಯಕ್ಕೆ ಸೇರಿ ನೋಡಿತು. ಚಳಿಗಾಲದ ಬೆಳಿಗ್ಗೆ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೋಗಬೇಕಾಯಿತು, ಬೇಸಿಗೆಯ ರಾತ್ರಿ ಬೆಳಕು ಆರುವುದೇ ತಡವಾಯಿತು. ಜನರಿಗೆ ಹಿಡಿಸಲಿಲ್ಲ, 1996ರಲ್ಲಿ ಹಳೆಯ ಸಮಯಕ್ಕೆ ಮರಳಿದರು. ಆ ನಾಲ್ಕು ವರ್ಷಗಳಲ್ಲಿ ಈ ಚರ್ಚೆ ನಡೆದಿದ್ದರೆ ಟಿಕೆಟ್‌ನ ಗೊಂದಲವೇ ಇರುತ್ತಿರಲಿಲ್ಲ. ಪೋರ್ಚುಗಲ್ ಜನರ ನಿರ್ಧಾರವೇ ಸರಿ ಎಂದು ನನ್ನ ವಾದ; ಗಡಿಯಾರ ಸೂರ್ಯನಿಗೆ ಹತ್ತಿರವಿರಬೇಕು, ವ್ಯಾಪಾರಕ್ಕಲ್ಲ.

ಮಲೆನಾಡಿಗ_ಬರ್ಲಿನ್:
ಹಾಗೆಂದರೆ ಕಛ್‌ಗೂ ಅರುಣಾಚಲಕ್ಕೂ ಒಂದೇ ಸಮಯ ಇಟ್ಟುಕೊಂಡಿರುವ ನಾವು ಏನು ಹೇಳಬೇಕು? ಅಲ್ಲಿ ಸೂರ್ಯೋದಯಕ್ಕೆ ಸುಮಾರು ಎರಡು ಗಂಟೆಯ ವ್ಯತ್ಯಾಸವಿದೆ. ಒಂದೇ ಸಮಯದಿಂದ ಆಡಳಿತಕ್ಕೂ ರೈಲಿಗೂ ಆಗುವ ಅನುಕೂಲ ಸಣ್ಣದಲ್ಲ.

ಸೂರ್ಯಸಿದ್ಧಾಂತಿ:
ಅರುಣಾಚಲದ ಜನರೂ ಬೇರೆ ಸಮಯ ಬೇಕೆಂದು ಕೇಳುತ್ತಲೇ ಇದ್ದಾರೆ ಎಂಬುದನ್ನು ಗಮನಿಸಿ. ಆ ಚರ್ಚೆಯನ್ನು ಇನ್ನೊಂದು ಕಡೆ ಮುಂದುವರಿಸೋಣ.

ತೇಜೋ_ನದಿ:
ಗಡಿಯಾರದ ವಿಷಯಕ್ಕೆ ಇದನ್ನೂ ಕೇಳಿ. ಗ್ವಾದಿಯಾನಾ ನದಿಯ ಒಂದು ದಡದಲ್ಲಿ ಸ್ಪೇನ್‌ನ ಸಾನ್‌ಲೂಕಾರ್, ಇನ್ನೊಂದು ದಡದಲ್ಲಿ ಪೋರ್ಚುಗಲ್‌ನ ಅಲ್ಕೊತಿಂ. ನಡುವೆ ಸುಮಾರು 700 ಮೀಟರ್ ಉದ್ದದ ತಂತಿಯಲ್ಲಿ ತೂಗಿಕೊಂಡು ಜನ ಗಡಿ ದಾಟುತ್ತಾರೆ. ಹೊರಟ ಸಮಯಕ್ಕಿಂತ ಸುಮಾರು 59 ನಿಮಿಷ ಮುಂಚೆ ತಲುಪುತ್ತಾರೆ! ನಿಮ್ಮ ವಿಮಾನ ಇಪ್ಪತ್ತು ನಿಮಿಷವಾದರೂ ತೆಗೆದುಕೊಳ್ಳುತ್ತದೆ.

ಹಳಿ_ಪ್ರೇಮಿ:
ಕೊಡಚಾದ್ರಿಯವರು ರೈಲಿನ ಯೋಚನೆ ಬಿಡಿ ಎಂದು ಒಂದೇ ಮಾತಿನಲ್ಲಿ ಹೇಳಿದ್ದು ನನಗೆ ಬೇಸರ ತಂದಿತು, ಆದರೆ ಅವರ ಮಾತು ಸದ್ಯಕ್ಕೆ ನಿಜ. 2020ರ ಮಾರ್ಚ್‌ವರೆಗೆ ಈ ಎರಡು ರಾಜಧಾನಿಗಳ ನಡುವೆ ಲುಸಿತಾನಿಯಾ ಎಂಬ ರಾತ್ರಿ ರೈಲು ಇತ್ತು. ಮಲಗಿ ಎದ್ದರೆ ಲಿಸ್ಬನ್. ಕೋವಿಡ್ ಸಮಯದಲ್ಲಿ ನಿಂತದ್ದು ಮತ್ತೆ ಬರಲೇ ಇಲ್ಲ. ಈಗ ಬಾದಾಖೋಸ್‌ನಲ್ಲಿ ಮತ್ತು ಎಂತ್ರೊಂಕಾಮೆಂತೋದಲ್ಲಿ ಗಾಡಿ ಬದಲಿಸುತ್ತ ಹೋದರೆ ಇಡೀ ಹಗಲು ಕಳೆಯುತ್ತದೆ. ಪಕ್ಕಪಕ್ಕದ ಎರಡು ದೇಶಗಳ ರಾಜಧಾನಿಗಳ ನಡುವೆ ನೇರ ರೈಲು ಇಲ್ಲದಿರುವುದು ನಾಚಿಕೆಗೇಡು.

ಇದು ದೂರದ ಸಮಸ್ಯೆಯೇ ಅಲ್ಲ. ಮ್ಯಾಡ್ರಿಡ್–ಬಾರ್ಸಿಲೋನಾ ಹಳಿಯ ಉದ್ದ 621 ಕಿ.ಮೀ.; ಲಿಸ್ಬನ್ ಹೆದ್ದಾರಿಯಷ್ಟೇ. 2008ರ ಫೆಬ್ರವರಿಯಲ್ಲಿ ಅತಿವೇಗದ ರೈಲು ಬಂದ ಮೇಲೆ ಅಲ್ಲಿ ಎರಡೂವರೆ ಗಂಟೆಯಲ್ಲಿ ಊರ ನಡುವಿನಿಂದ ಊರ ನಡುವಿಗೆ ಹೋಗಬಹುದು. ಅದಕ್ಕೂ ಮುಂಚೆ ಆ ಎರಡು ಊರುಗಳ ನಡುವೆ ವಿಮಾನಗಳು ಬಸ್‌ನಂತೆ ಓಡಾಡುತ್ತಿದ್ದವು. ಈಗ ಬಹುಪಾಲು ಜನ ರೈಲನ್ನೇ ಹತ್ತುತ್ತಾರೆ. ಲಿಸ್ಬನ್ ದಾರಿಗೂ ಕಾಮಗಾರಿ ನಡೆದಿದೆ. ಪ್ಲಾಸೆನ್ಸಿಯಾ–ಬಾದಾಖೋಸ್ ಭಾಗ 2022ರಲ್ಲಿ ತೆರೆಯಿತು. 2030ಕ್ಕೆ ಸುಮಾರು ಐದು ಗಂಟೆ, 2034ಕ್ಕೆ ಸುಮಾರು ಮೂರು ಗಂಟೆಯ ಪ್ರಯಾಣ ಎಂಬ ಗುರಿಯನ್ನು ಯುರೋಪಿಯನ್ ಆಯೋಗ 2025ರ ಅಕ್ಟೋಬರ್‌ನಲ್ಲಿ ಇಟ್ಟಿದೆ.

ಕೊಡಚಾದ್ರಿ:
ಗುರಿ ಇಟ್ಟ ಮಾತ್ರಕ್ಕೆ ರೈಲು ಓಡುವುದಿಲ್ಲ. ತೇಜೋ ನದಿಗೆ ಇನ್ನೊಂದು ಸೇತುವೆಯೇ ಆಗಬೇಕಿದೆ. ಮಂಡಿ ನೋವಿರುವ ಹಿರಿಯರನ್ನು ಈ ಅಕ್ಟೋಬರ್‌ನಲ್ಲಿ ಕರೆದುಕೊಂಡು ಹೋಗುವವರಿಗೆ 2034ರ ವೇಳಾಪಟ್ಟಿ ಉಪಯೋಗಕ್ಕೆ ಬಾರದು.

ಹಳಿ_ಪ್ರೇಮಿ:
ಒಪ್ಪುತ್ತೇನೆ. ಆದರೆ ವಿಮಾನದ 1 ಗಂಟೆ 20 ನಿಮಿಷವನ್ನು ರೈಲಿನ ಮೂರು ಗಂಟೆಗೆ ನೇರವಾಗಿ ಹೋಲಿಸುವವರಿಗೆ ನನ್ನ ಆಕ್ಷೇಪವಿದೆ. ಮನೆಯಿಂದ ಬರಾಖಾಸ್‌ಗೆ, ಅಲ್ಲಿ ತಪಾಸಣೆಯ ಸಾಲು, ಗೇಟ್‌ವರೆಗಿನ ನಡಿಗೆ, ಆ ಕಡೆ ಸಾಮಾನಿಗಾಗಿ ಕಾಯುವುದು ಎಲ್ಲವನ್ನೂ ಕೂಡಿಸಿದರೆ ವಿಮಾನದ ಪ್ರಯಾಣವೂ ನಾಲ್ಕು ಗಂಟೆಯನ್ನು ಮೀರುತ್ತದೆ.

ಕಾವೇರಿ_ಕನ್ನಡತಿ:
ಆ ನಡಿಗೆಯ ಬಗ್ಗೆಯೇ ನಾನೂ ಹೇಳಬೇಕೆಂದಿದ್ದೆ. ಶರಾವತಿ_ತೀರ ಅವರೇ, ಬರಾಖಾಸ್‌ನ ನಾಲ್ಕನೇ ಟರ್ಮಿನಲ್‌ನಿಂದ ಹೊರಡುವುದಾದರೆ ಅದು ಬಹಳ ಉದ್ದದ ಕಟ್ಟಡ ಎಂಬುದು ನೆನಪಿರಲಿ. ಬಿದಿರಿನ ಹೊದಿಕೆಯ ಅಲೆಯಂಥ ಚಾವಣಿ ನೋಡಲು ಸುಂದರವಾಗಿದೆ, ಆದರೆ ನಮ್ಮ ಅತ್ತೆ ಅರ್ಧ ದಾರಿಯಲ್ಲೇ ಕೂತುಬಿಟ್ಟಿದ್ದರು. ನಿಮ್ಮ ತಂದೆಯವರಿಗೆ ಗಾಲಿಕುರ್ಚಿಯ ನೆರವನ್ನು ಮೊದಲೇ ಕೇಳಿ. ಒಕ್ಕೂಟದ 2006ರ 1107ನೇ ನಿಯಮದ ಪ್ರಕಾರ ಅದು ಉಚಿತ, ಹೊರಡುವ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಬೇಕು. ಕೇಳಲು ಹಿರಿಯರು ಸಂಕೋಚಪಡುತ್ತಾರೆ, ನೀವೇ ಕೇಳಿಬಿಡಿ.

ಶರಾವತಿ_ತೀರ:
ಎಲ್ಲರಿಗೂ ಧನ್ಯವಾದಗಳು. ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ. ಗಾಲಿಕುರ್ಚಿಗೆ ಇವತ್ತೇ ಬರೆಯುತ್ತೇನೆ. ಇನ್ನೆರಡು ಪ್ರಶ್ನೆ ಕೇಳಿಬಿಡುತ್ತೇನೆ. ಅಪ್ಪ ಅಮ್ಮನಿಗೆ ಸ್ಪೇನ್ ಕೊಟ್ಟಿರುವ ಷೆಂಗೆನ್ ವೀಸಾ ಇದೆ. ಲಿಸ್ಬನ್‌ನಲ್ಲಿ ಇಮಿಗ್ರೇಷನ್ ಸಾಲಿಗೆ ಎಷ್ಟು ಸಮಯ ಇಟ್ಟುಕೊಳ್ಳಬೇಕು? ನಾವು ಹಿಂತಿರುಗುವುದು ಅಕ್ಟೋಬರ್‌ನ ಕೊನೆಯ ಭಾನುವಾರ. ಅಂದು ಯುರೋಪಿನಲ್ಲಿ ಗಡಿಯಾರ ಬದಲಾಗುತ್ತದಲ್ಲ, ಆಗ ಈ ಲೆಕ್ಕ ತಪ್ಪುವುದಿಲ್ಲವೇ?

ನ್ಯಾಯದ_ತಕ್ಕಡಿ:
ಸ್ಪೇನ್ ಮತ್ತು ಪೋರ್ಚುಗಲ್ ಎರಡೂ 1995ರಿಂದ ಷೆಂಗೆನ್ ವ್ಯವಸ್ಥೆಯ ಒಳಗಿವೆ. ಸಾಮಾನ್ಯವಾಗಿ ಇಮಿಗ್ರೇಷನ್ ಸಾಲೇ ಇರುವುದಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದಂತೆ ಇಳಿದು ನೇರವಾಗಿ ಹೊರಗೆ ಬರುತ್ತೀರಿ. ಆದರೂ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಬೋರ್ಡಿಂಗ್ ಸಮಯದಲ್ಲಿ ಕೇಳುತ್ತಾರೆ, ಕೆಲವೊಮ್ಮೆ ಇಳಿದ ಮೇಲೂ ಪೊಲೀಸರು ತಪಾಸಣೆ ಮಾಡಬಹುದು.

ಸೂರ್ಯಸಿದ್ಧಾಂತಿ:
ಗಡಿಯಾರದ ಪ್ರಶ್ನೆಗೆ ಉತ್ತರ ನನ್ನದು. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳೂ ಒಂದೇ ಕ್ಷಣದಲ್ಲಿ, ಗ್ರೀನಿಚ್ ಸಮಯ ರಾತ್ರಿ ಒಂದು ಗಂಟೆಗೆ, ಗಡಿಯಾರವನ್ನು ಬದಲಿಸುತ್ತವೆ. ಆ ಕ್ಷಣದಲ್ಲಿ ಸ್ಪೇನ್‌ನಲ್ಲಿ ಮೂರು ಗಂಟೆ ಇದ್ದದ್ದು ಎರಡಾಗುತ್ತದೆ, ಪೋರ್ಚುಗಲ್‌ನಲ್ಲಿ ಎರಡು ಇದ್ದದ್ದು ಒಂದಾಗುತ್ತದೆ. ಆದ್ದರಿಂದ ಎರಡು ದೇಶಗಳ ನಡುವಿನ ಒಂದು ಗಂಟೆಯ ವ್ಯತ್ಯಾಸ ವರ್ಷದ ಎಲ್ಲ ದಿನವೂ ಹಾಗೆಯೇ ಇರುತ್ತದೆ. ನಿಮ್ಮ 18:00ರ ವಿಮಾನ 20:20ಕ್ಕೇ ತಲುಪುತ್ತದೆ. ಅಂದು ಬದಲಾಗುವುದು ಭಾರತದ ಜೊತೆಗಿನ ಲೆಕ್ಕ: ಮ್ಯಾಡ್ರಿಡ್‌ಗೂ ಸಾಗರಕ್ಕೂ ಶನಿವಾರ ಮೂರೂವರೆ ಗಂಟೆ ಇದ್ದ ವ್ಯತ್ಯಾಸ ಭಾನುವಾರದಿಂದ ನಾಲ್ಕೂವರೆ ಗಂಟೆಯಾಗುತ್ತದೆ. ಲಿಸ್ಬನ್‌ನಿಂದ ಊರಿಗೆ ಫೋನ್ ಮಾಡುವುದಾದರೆ ಐದೂವರೆ ಗಂಟೆ ಎಂದು ಲೆಕ್ಕ ಹಿಡಿಯಿರಿ.